ಶರಣು ಅಂದರೆ ಶರಣಾರ್ಥಿ

ಬಾಯಿ ಬಿಡದವರಿಗೆ ಫಜೀತಿ ಕಡಿಮೆ ಎಂದು ಮಾತುಗಾರರು ತಿಳಿದಿದ್ದಾರೆ. ಸುಳ್ಳು. ನಾನು ಕೊಡಂಬಲದಿಂದ ಹುಮನಾಬಾದಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಿ.ಎ. ಮೊದಲ ವರ್ಷ ಓದಿದವಳು. ಬಾಯಿ ಬಿಟ್ಟದ್ದು ಅಪರೂಪ, ಫಜೀತಿ ಮಾತ್ರ ಒಂದಾದ ಮೇಲೊಂದು.

ಫೇಲಾಗುವ ಹಾಗಿರಲಿಲ್ಲ. ಕಲ್ಯಾಣದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಸೋದರಮಾವ ನನಗೆ ಆಗಲೇ ಒಂದು ವರ ನೋಡಿಟ್ಟಿದ್ದ. ಅಪ್ಪ ಕಾಲೇಜಿಗೆ ಕಳಿಸುವಾಗಲೇ ಹೇಳಿದ್ದ: "ಪಾಸಾಗೋ ತನಕ ಓದವ್ವಾ. ಪರೀಕ್ಷಾ ತಪ್ಪಿತಂದ್ರ ಮುಂದ ನಿಮ್ಮ ಮಾಮಾ ಹೇಳಿದ್ಹಂಗ."

ಸ್ಟಾಪು

ಕಾಲೇಜು ಬಸ್ ಸ್ಟ್ಯಾಂಡಿಗಿಂತ ಮೊದಲೇ ಬರುತ್ತದೆ. ಅಲ್ಲಿ ಇಳಿಯಬೇಕಾದರೆ ಕಂಡಕ್ಟರಿಗೆ ಕೂಗಿ ಹೇಳಬೇಕು. ನನ್ನಿಂದ ಆಗದು. ಸ್ಟ್ಯಾಂಡಿನವರೆಗೆ ಹೋಗಿ, ಬಿಸಿಲಲ್ಲಿ ಹಿಂದಕ್ಕೆ ನಡೆದು ಬರುತ್ತಿದ್ದೆ. ಒಂದು ದಿನ ಗಟ್ಟಿ ಮನಸ್ಸು ಮಾಡಿದೆ. ಸೀಟಿನಲ್ಲಿ ಕೂತವಳೇ ಕಣ್ಣು ಮುಚ್ಚಿ, ಕೂಗಬೇಕಾದ ಮಾತನ್ನು ಒಳಗೊಳಗೇ ಹೇಳಿಕೊಂಡೆ. ಎಂಜಿನ್ ಸದ್ದಾದದ್ದೇ ತಡ, "ನಿಲ್ಲಸ್ರೀ!" ಎಂದು ಕಿರುಚಿದೆ.

ಕಂಡಕ್ಟರ್ ಬಗ್ಗಿ ನೋಡಿದ. "ಯವ್ವಾ, ಕೊಡಂಬಲ ಇನ್ನಾ ಬಿಟ್ಟೇ ಇಲ್ಲ."

ಅಲಿಫ್, ಬೇ

ಕನ್ನಡ ಕ್ಲಾಸೆಂದು ಒಂದು ಕೋಣೆಗೆ ಹೋಗಿ ಕೂತೆ. ಬಂದ ಸರ್ ಹಲಗೆಯ ಮೇಲೆ ಬಲಗಡೆಯಿಂದ ಎಡಗಡೆಗೆ ಬರೆಯತೊಡಗಿದರು. ಉರ್ದು ಕ್ಲಾಸು. ಎದ್ದು ಹೋಗಬೇಕೆಂದರೆ ಅಷ್ಟೂ ಜನ ನೋಡುತ್ತಾರೆ. ಅದಕ್ಕಿಂತ ಅಲಿಫ್, ಬೇ ಎಂದು ಅಕ್ಷರದಿಂದ ಉರ್ದು ಕಲಿಯುವುದು ಸುಲಭ ಅನಿಸಿತು.

ಮರುದಿನ ಸರಿಯಾದ ಕೋಣೆಗೆ ಹೊರಟರೆ ಅದೇ ಸರ್ ವರಾಂಡದಲ್ಲಿ ನಿಂತು ಪ್ರೀತಿಯಿಂದ "ಆವೋ ಬೇಟಿ" ಎಂದರು. ಹಾಗೆ ಮಗಳೇ ಎಂದು ಕರೆದವರಿಗೆ ಇಲ್ಲ ಅನ್ನುವುದು ಹೇಗೆ? ಒಂದು ವಾರ ಹೋದೆ. ಕೊನೆಗೆ ಕನ್ನಡ ಕ್ಲಾಸಿನ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, "ಸರ್, ಇಕಿ ನಮ್ಮಾಕಿ ರೀ" ಎಂದು ಕೈ ಹಿಡಿದು ಎಳೆದುಕೊಂಡು ಹೋದಳು. ಉರ್ದು ಸರ್ ಬೇಜಾರಾಗಿ ಹುಡುಗರ ಕಡೆ ತಿರುಗಿದರು: "ಗಲಾಟೆ ಮಾಡ್ಲಾರದಾಕಿ ಇಕಿ ಒಬ್ಬಾಕಿನೇ ಇದ್ಳು!"

ಎಮ್ಮೆಯ ಹಾಜರಿ

ಕನ್ನಡದ ಸರ್ ಮೈಸೂರು ಕಡೆಯವರು, ಹೊಸಬರು. ನನ್ನ ಹೆಸರು ಕರೆದಾಗ ನಾನು ಅಂದ "ಹಾಜರ್ ರೀ" ಪಕ್ಕದವಳಿಗೂ ಕೇಳಿಸುತ್ತಿರಲಿಲ್ಲ. ಗೈರುಹಾಜರಿ ಬೀಳುತ್ತ ಹೋಯಿತು. ಹಾಜರಿ ಕಡಿಮೆಯಾದವರಿಗೆ ಹಾಲ್ ಟಿಕೆಟ್ ಇಲ್ಲ ಎಂದು ಸರ್ ಹೇಳಿದಾಗ ನನಗೆ ಸೋದರಮಾವನ ಮುಖ ಕಣ್ಣ ಮುಂದೆ ಬಂತು. ನಿಜಕ್ಕೂ ಅಳು ಬಂತು.

ಕೊಟ್ಟಿಗೆಯಲ್ಲಿ ನಿಂತು ಕೂಗಿ ರೂಢಿ ಮಾಡು ಎಂದಳು ಅವ್ವ. ಎಮ್ಮೆಯ ಮುಂದೆ ನಿಂತು "ಹಾಜರ್ ರೀ ಸರ್!" ಎಂದು ಕೂಗಿದೆ. ಪಕ್ಕದ ಮನೆಯ ಮುದುಕಿ ಆಯಿ ಗೋಡೆಯ ಮೇಲಿಂದ ಇಣುಕಿ, "ಯಾಕ ತಂಗಿ, ಎಮ್ಮಿಗಿ ಸರ್ ಅನ್ನಾಕತ್ತಿ?" ಎಂದಳು.

"ಕಾಲೇಜಿನ ಅಭ್ಯಾಸ ರೀ" ಎಂದಳು ಅವ್ವ.

ಆಯಿ ಎಮ್ಮೆಯನ್ನೇ ಒಂದು ಗಳಿಗೆ ನೋಡಿದಳು. "ಇದು ಏನ್ ಕಲಸ್ತದ?"

ಶರಣು

ನಮ್ಮ ಮನೆಯಲ್ಲಿ ಯಾರಾದರೂ "ಶರಣು" ಅಂದರೆ ಕೈ ಮುಗಿದು "ಶರಣಾರ್ಥಿ" ಅನ್ನಲೇಬೇಕು. ಊಟದ ತುತ್ತು ಬಾಯಲ್ಲಿದ್ದರೂ ಬಿಡುವ ಹಾಗಿಲ್ಲ.

ಕ್ಲಾಸಿನಲ್ಲಿ ಶರಣು ಎಂಬ ಹುಡುಗನಿದ್ದ. ಇದ್ದ ಎಂದು ಕೇಳಿದ್ದೆ. ಹೊಲದ ಕೆಲಸವೆಂದು ಅವನು ಬರುತ್ತಲೇ ಇರಲಿಲ್ಲ. ಹಾಜರಿಯಲ್ಲಿ ಅವನ ಹೆಸರಾದ ಮೇಲೆ ನನ್ನದು. ಎಮ್ಮೆಯ ಮುಂದೆ ಪಳಗಿದ ಗಂಟಲು ಹೊತ್ತು ಮರುದಿನ ಕಾಲೇಜಿಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತಿದ್ದೆ. ಸರ್ ತಲೆಯೆತ್ತಿ, ನನ್ನ ಕಡೆಗೇ ನೋಡುತ್ತ, "ಶರಣು" ಎಂದರು.

ಎದ್ದು ಕೈ ಮುಗಿದು, "ಶರಣಾರ್ಥಿ ರೀ ಸರ್!" ಎಂದೆ. ಕಿಟಕಿಯ ಮೇಲಿನ ಪಾರಿವಾಳಗಳು ಹಾರಿಹೋದವು.

ಸರ್ ಮುಖ ಅರಳಿತು. "ಎಂಥ ಸಂಸ್ಕಾರ! ಕೂತ್ಕೊಳಮ್ಮ" ಎಂದು ಶರಣುವಿಗೆ ಹಾಜರಿ ಹಾಕಿದರು. ನಾನು ನಾಚಿಕೆಯಿಂದ ಬೆಂಚಿಗೆ ತಲೆ ಹಚ್ಚಿದೆ. ಅಷ್ಟರಲ್ಲಿ ನನ್ನ ಹೆಸರು ಬಂತು, ಹೋಯಿತು.

ಅಂದಿನಿಂದ ಸರ್ ದಿನಾ ನನ್ನ ಕಡೆ ತಿರುಗಿ, ಕೈ ಮುಗಿದೇ "ಶರಣು" ಅನ್ನತೊಡಗಿದರು. ಹಿರಿಯರು ಕೈ ಮುಗಿದಾಗ ಸುಮ್ಮನಿರಲಾಗುತ್ತದೆಯೇ? ನಾನು "ಶರಣಾರ್ಥಿ" ಅನ್ನುತ್ತಿದ್ದೆ, ಹುಡುಗರು ಕಿಸಕ್ಕೆನ್ನುತ್ತಿದ್ದರು, ನನ್ನ ತಲೆ ಬೆಂಚಿಗೆ ಹೋಗುತ್ತಿತ್ತು. ಹೊಲದಲ್ಲಿದ್ದ ಶರಣುವಿನ ಹಾಜರಿ ದಿನೇ ದಿನೇ ಏರಿತು.

ಪರೀಕ್ಷೆ ಹತ್ತಿರ ಬಂತು. ಹಾಲ್ ಟಿಕೆಟ್ ಇಲ್ಲದವರಲ್ಲಿ ನನ್ನ ಹೆಸರೇ ಮೊದಲು. ಅಳುತ್ತ ಸರ್ ಕೋಣೆಗೆ ಹೋದೆ. "ಸರ್, ನಾ ದಿನಾ ಬಂದೀನ್ರಿ..."

"ನನಗೆ ಗೊತ್ತಿಲ್ವೇನಮ್ಮ ಶರಣು? ನೀನ್ಯಾಕೆ ಅಳ್ತೀಯ? ನಿನ್ನ ಹಾಜರಿ ಚೆನ್ನಾಗಿದೆ. ನಿನ್ನ ಮುಂದಿನ ನಂಬರಿನ ಹುಡುಗಿ ಇದ್ದಾಳಲ್ಲ, ಅವಳು ಮಾತ್ರ ಒಂದು ದಿನಾನೂ ಮುಖ ತೋರಿಸಿಲ್ಲ. ಸಿಕ್ಕಿದ್ರೆ ಕಳಿಸು."

ಅಭ್ಯಾಸಬಲ. "ಹೂಂ ರೀ ಸರ್" ಎಂದು ಹೊರಗೆ ಬಂದೆ.

ಬಾಗಿಲಾಚೆ ನಿಂತು ಕಣ್ಣೊರೆಸಿಕೊಂಡೆ. ಓಢಣಿಯನ್ನು ಸೆರಗಿನಂತೆ ತಲೆಯ ಮೇಲೆ ಹೊದ್ದುಕೊಂಡೆ. ಆಮೇಲೆ ತಿರುಗಿ ಒಳಗೆ ಹೋದೆ.

"ಸರ್, ಕರದೀರಂತಲ್ರಿ. ಬಂದೀನಿ."