ಹನ್ನೆರಡನೆಯ ಸವಾರನ ಮೀಸೆ

ಎಲೈ ಸಕಲವರ್ಣಾಧಿದೇವತೆಯೇ, ಪುಟ್ಟ ಬಾಟಲಿಗಳ ತಳದಲ್ಲಿ ಹೆಪ್ಪುಗಟ್ಟಿ ಮಲಗಿದ್ದರೂ ಒಂದು ಹನಿ ನೀರಿಗೆ ಕಣ್ತೆರೆಯುವ ಕರುಣಾಮಯಿಯೇ, ಈ ಕಥೆ ಮುಗಿಯುವವರೆಗೂ ನಮ್ಮ ವೀರನ ಕುಂಚದ ತುದಿ ಕವಲೊಡೆಯದಂತೆ ಕಾಪಾಡು! ಪೂರ್ವಕಾಲದಲ್ಲಿ, ಎಂದರೆ ಹೋದ ಜ್ಯೇಷ್ಠಮಾಸದಲ್ಲಿ, ಮೈಸೂರಿನ ಕೃಷ್ಣಮೂರ್ತಿಪುರಂ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ದಂತಹೀನಜನಬಾಂಧವನೂ, ಕಟ್ಟುಹಲ್ಲುನಿರ್ಮಾಣಧುರಂಧರನೂ, ಉಭಯಕಪೋಲವ್ಯಾಪ್ತಮೀಸಾವಿರಾಜಿತನೂ ಆದ ಧರಣೇಂದ್ರಯ್ಯನೆಂಬ ಮಹಾಪುರುಷನು ತನ್ನ ಊಟದ ಮೇಜಿನ ಮೇಲೆ ಸಮಸ್ತ ಯುರೋಪುಖಂಡವನ್ನೂ ಆಳುತ್ತಿದ್ದನು. ಆ ಮೀಸೆಯನ್ನು ಏನೆಂದು ಬಣ್ಣಿಸೋಣ! ಹಲ್ಲಿನ ಅಳತೆ ಕೊಡಲು ಬಂದ ಮುದುಕರು ಬಾಯಿ ತೆರೆಯುತ್ತಿದ್ದುದು ಅಳತೆಗಲ್ಲ, ಆ ಮೀಸೆಯನ್ನು ಕಂಡ ಬೆರಗಿಗೆ ಎಂದು ಅವನೇ ನಂಬಿದ್ದನು. ಪಾಪ, ನಂಬಲಿ ಬಿಡಿ.

ಇರುವೆ ಕಂಡರೆ ದಾಟಿ ಹೋಗುವ, ನೀರನ್ನು ಸೋಸಿ ಕುಡಿಯುವ ಜೈನಕುಲದಲ್ಲಿ ಹುಟ್ಟಿಯೂ ಧರಣೇಂದ್ರಯ್ಯನು ಯುದ್ಧವ್ಯಸನಿಯಾಗಿದ್ದನು. ನೆಪೋಲಿಯನ್ನನ ಕಾಲದ ಹೆಬ್ಬೆರಳುದ್ದದ ಗೊಂಬೆಸೈನಿಕರನ್ನು ಪೆಟ್ಟಿಗೆಗಟ್ಟಲೆ ತರಿಸುವುದು, ಒಬ್ಬನ ತಲೆ ಕೊಯ್ದು ಇನ್ನೊಬ್ಬನಿಗೆ ಕೂರಿಸುವುದು, ಕಾಲಾಳನ್ನು ಸೊಂಟಕ್ಕೆ ಕತ್ತರಿಸಿ ಕುದುರೆ ಹತ್ತಿಸುವುದು, ಆಮೇಲೆ ಕೂದಲೆಳೆಯ ಕುಂಚದಿಂದ ಗುಂಡಿ ಗುಂಡಿಗೂ ಬಣ್ಣ ಹಚ್ಚುವುದು, ಇದೇ ಅವನ ಬಿಡುವಿನ ಸಾಮ್ರಾಜ್ಯ. "ಸಂಜೆ ಆದ್ಮೇಲೆ ಹುಳ ಬಿದ್ದೀತು ಅಂತ ಊಟ ಮಾಡಲ್ಲ ನೀವು," ಎಂದು ಅವನ ಧರ್ಮಪತ್ನಿ ಜ್ವಾಲಾಮಾಲಿನಿಯು ಆಗಾಗ ಹೆಸರಿಗೆ ತಕ್ಕಂತೆ ಉರಿಯುತ್ತಿದ್ದಳು. "ಬೆಳಿಗ್ಗೆ ಎದ್ದು ನೋಡಿದ್ರೆ ತಟ್ಟೆ ಇಡೋ ಜಾಗದಲ್ಲಿ ನಾಲ್ಕು ರುಂಡ!"

ಈ ಮಹೀಪತಿಗೆ ಒಬ್ಬ ವೈರಿ. ಆತನೇ ಆಂಗ್ಲಸೇನಾಧೀಶ್ವರನೂ, ಮದುವೆಮೆರವಣಿಗೆಯ ಬ್ಯಾಂಡಿನಲ್ಲಿ ಜೀವಮಾನವೆಲ್ಲ ಕಹಳೆ ಊದಿ ಕೆನ್ನೆ ಉಬ್ಬಿಸಿಕೊಂಡವನೂ, ಪ್ರತಿ ಭಾನುವಾರ ಇದೇ ಮೇಜಿನ ಮೇಲೆ ಯುದ್ಧ ಮಾಡಿ ಇದೇ ಮನೆಯ ಉಪ್ಪಿಟ್ಟು ತಿಂದು ಹೋಗುವವನೂ ಆದ ಇನ್ನಾಸಪ್ಪ. ಧರಣೇಂದ್ರಯ್ಯನು ಹುಸಾರ್ ಎಂಬ ಹಗುರ ಅಶ್ವದಳದ ಹನ್ನೊಂದು ಸವಾರರಿಗೆ ಬಣ್ಣ ಬಳಿದು ಮೆರೆಸುತ್ತಿದ್ದಾಗ ಈತ ಮೂಗು ಮುರಿದನು.

"ಏನಯ್ಯ ಧರಣಿ, ಕಹಳೆ ಊದೋನೆಲ್ಲಿ? ಇದೇನು ಅಶ್ವದಳವಾ, ಇಲ್ಲ ಕುದುರೆ ಮೇಯಿಸ್ಕೊಂಡ್ ಬರ್ತಿರೋರಾ?"

ವೀರನ ಮೀಸೆ ಕಂಪಿಸಿತು. ರೋಷ ಬಂದಾಗ ಅವನ ಬಾಯಲ್ಲಿ ನಾಟಕದ ಕನ್ನಡವೇ ಹೊರಡುತ್ತಿತ್ತು. "ಎಲವೋ ಇನ್ನಾಸಪ್ಪ! ಬರುವ ಭಾನುವಾರದ ಒಳಗೆ ನೀಲಾಂಬರಧಾರಿಯೂ, ಶ್ವೇತಾಶ್ವಾರೂಢನೂ ಆದ ಕಹಳೆಗಾರನೊಬ್ಬನನ್ನು ನನ್ನೀ ಕೈಗಳಿಂದ ಸೃಷ್ಟಿಸದಿದ್ದರೆ ನಾನು ಧರಣೇಂದ್ರನೇ ಅಲ್ಲ! ಸೃಷ್ಟಿಸಿ ನಿನ್ನ ಸೇನೆಯನ್ನು ಮೇಜಿನಿಂದ ಕೆಳಗೆ ಕೆಡವದಿದ್ದರೆ, ಕೇಳು, ಈ ಮೀಸೆಯನ್ನೇ ಬೋಳಿಸಿಬಿಡುತ್ತೇನೆ!"

"ಕೆಡವೋದು ದಾಳದ ಕೈಲಿದೆ, ಅದನ್ ಬಿಡು," ಎಂದನು ಇನ್ನಾಸಪ್ಪ. "ಕಹಳೆಗಾರನ್ನ ನಿಲ್ಸು ಸಾಕು. ಆದ್ರೆ ಹುಸಾರ್ ಅಂದ್ಮೇಲೆ ಮೀಸೆ ಇರ್ಬೇಕು. ಬಣ್ಣದಲ್ಲಿ ಗೀಚಿದ ಮೀಸೆ ಆಗಲ್ಲ, ಈ ಹನ್ನೊಂದು ಜನರದ್ದಿದೆಯಲ್ಲ, ಹಂಗೆ ಎದ್ದು ನಿಂತಿರ್ಬೇಕು. ಇಲ್ದಿದ್ರೆ ನಿನ್ ಮೀಸೆ ಹೋಯ್ತು. ಒಪ್ಕೋತೀಯಾ?"

"ಒಪ್ಪಿದೆ!" ಎಂದನು ಧರಣೇಂದ್ರಯ್ಯ. ಒಳಗಿನಿಂದ ಜ್ವಾಲಾಮಾಲಿನಿ, "ಒಪ್ಕೊಂಡ್ರಾ? ಇಬ್ರಿಗೂ ಬುದ್ಧಿ ಇಲ್ಲ," ಎಂದಳು. ಆ ಅಶರೀರವಾಣಿಯನ್ನು ಯಾರೂ ಲಕ್ಷಿಸಲಿಲ್ಲ.

ಆ ವಾರ ನಡೆದ ಸೃಷ್ಟಿಕಾರ್ಯವೇನು ಸಾಮಾನ್ಯವೇ! ಸವಾರನೊಬ್ಬನ ಮುರಿದ ಕಾಲುಗಳಿದ್ದವು, ತಮಟೆ ಬಾರಿಸುವ ಕಾಲಾಳೊಬ್ಬನಿದ್ದನು. ಹಲ್ಲು ತಿದ್ದುವ ಸಣ್ಣ ಗರಗಸದಿಂದ ತಮಟೆಯವನನ್ನು ಸೊಂಟಕ್ಕೆ ಸೀಳಿ, ಸವಾರನ ಕಾಲುಗಳ ಮೇಲೆ ಪ್ರತಿಷ್ಠಾಪಿಸಿ, ಕೈಯಲ್ಲಿದ್ದ ತಮಟೆಕೋಲನ್ನು ಕಿತ್ತು ಗುಂಡುಸೂಜಿಯ ಕಹಳೆಯನ್ನು ಕೊಟ್ಟನು. ಹೆಗಲಿಗೆ ಹೊದಿಸುವ ತುಪ್ಪಳದ ಮೇಲಂಗಿ ಇಲ್ಲವಲ್ಲ ಎಂದಾಗ ಕಟ್ಟುಹಲ್ಲಿನ ವಸಡಿಗೆ ಬಳಸುವ ಗುಲಾಬಿ ಹಿಟ್ಟನ್ನೇ ಕಲಸಿ ಮಡಿಕೆ ಮಡಿಕೆಯಾಗಿ ಕಡೆದನು. ಎರಡು ದಿನ ಆ ಸವಾರ ಯಾರದೋ ವಸಡನ್ನು ಹೆಗಲಿಗೆ ಹಾಕಿಕೊಂಡಂತೆ ಕಂಡರೂ ನೀಲಿ ಬಣ್ಣ ಬಿದ್ದ ಮೇಲೆ, ಆಹಾ, ಜರತಾರಿಯ ಗೆರೆ ಎಳೆದ ಮೇಲೆ, ಅವನಿಗಿಂತ ಚೆಲುವನು ಆ ಸೈನ್ಯದಲ್ಲೇ ಇರಲಿಲ್ಲ. ಅವನ ಎದೆಯ ಮೇಲಿನ ಗುಂಡಿಗಳು ಉಳಿದವರ ಗುಂಡಿಗಳಿಗೆ ಸರಿಯಾಗಿ ಹೊಂದುತ್ತವೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದವನು ನಮ್ಮ ವೀರ. ಹೊಂದುತ್ತಿದ್ದವು. ಹಿಗ್ಗಿ ಹೀರೇಕಾಯಿಯಾಗಿ, ಮೈಸೂರಿನ ಮುದುಕರು ಕಬ್ಬು ಸಿಗಿದರೂ ಅಲುಗದಂಥ ಅಂಟಿನಿಂದ ತಮಟೆಯವನ ಬಿಡಿಯಾಗಿದ್ದ ತಲೆಯನ್ನು ಕುತ್ತಿಗೆಗೆ ಭದ್ರಪಡಿಸಿದನು.

ಭಾನುವಾರ ಬೆಳಿಗ್ಗೆ, ಹಸಿರು ಹಾಸಿಗೆಬಟ್ಟೆಯ ಹುಲ್ಲುಗಾವಲಿನ ಮೇಲೆ ಹನ್ನೆರಡು ಸವಾರರನ್ನು ಸಾಲಾಗಿ ನಿಲ್ಲಿಸಿ ಸೇನಾವಲೋಕನ ಮಾಡುವಾಗ ಧರಣೇಂದ್ರಯ್ಯನು ಹನ್ನೆರಡನೆಯವನ ಮುಂದೆ ನಿಂತುಬಿಟ್ಟನು. ತಮಟೆಯವನು ಹಸುಗೂಸಿನಂಥ ಮುಖದವನು! ಮೇಲ್ದುಟಿ ನುಣ್ಣಗಿತ್ತು! ಗುಂಡಿ ನೋಡಿದ ಪುಣ್ಯಾತ್ಮ ಮುಖವನ್ನೇ ನೋಡಿರಲಿಲ್ಲ. ತಲೆ ಕೀಳೋಣವೆಂದರೆ ಆ ಅಂಟು ಅವನೇ ಮೆಚ್ಚಿದ ಅಂಟು.

"ಮಾಲಿನಿ! ಕೆಟ್ಟೆ! ಇವನಿಗೆ ಮೀಸೆ ಇಲ್ಲ ಕಣೆ!"

"ಇನ್ನೂ ಎಳೇ ಹುಡುಗ, ಬರುತ್ತೆ ಬಿಡಿ," ಎಂದಳು ಆಕೆ, ಈರುಳ್ಳಿಯಿಲ್ಲದ ಉಪ್ಪಿಟ್ಟಿಗೆ ರವೆ ಹುರಿಯುತ್ತ.

ಆಗ ಆರಂಭವಾಯಿತು ನೋಡಿ ಶ್ಮಶ್ರುಸ್ಥಾಪನಮಹಾಸಂಗ್ರಾಮ! ಮೊದಲ ವ್ಯೂಹದಲ್ಲಿ ವೀರನು ವಸಡಿನ ಹಿಟ್ಟನ್ನು ಸೂಜಿಯ ಮೊನೆಯಲ್ಲಿ ಎತ್ತಿ ತುಟಿಗೆ ಮುಟ್ಟಿಸಿದನು. ಅದು ಇಳಿದು ಗಲ್ಲದವರೆಗೆ ಹಬ್ಬಿ, ಕಹಳೆಗಾರನು ಜಾಮೂನು ಕಚ್ಚಿಕೊಂಡವನಂತಾದನು. ಕೆರೆದು ತೆಗೆದನು. ಎರಡನೆಯ ವ್ಯೂಹದಲ್ಲಿ ಕುಂಚದ ಕೂದಲು, ಅದು ಕೆಂಪಗಿತ್ತು. ಪೊರಕೆಯ ಎಳೆ ದಪ್ಪವಾಯಿತು. ಇನ್ನಾಸಪ್ಪ ಬರುವ ಹೊತ್ತಾಗುತ್ತಿತ್ತು. ಹಣೆಯ ಬೆವರು ಮೂಗಿನ ತುದಿಗಿಳಿದು, ಅಲ್ಲಿಂದ ಮೀಸೆಗಿಳಿಯಿತು. ಒರೆಸಿಕೊಳ್ಳಲು ಹೋದ ಕೈ ಅಲ್ಲೇ ನಿಂತಿತು.

ಕರಿಯ, ಗಟ್ಟಿಯಾದ, ತುದಿ ಬಾಗಿದ ಕೂದಲು! ಎಲ್ಲೆಲ್ಲೋ ಹುಡುಕಿದ್ದು ಮೂಗಿನ ಕೆಳಗೇ ಇತ್ತು.

"ಹೇ ಮದೀಯಮುಖಭೂಷಣವೇ," ಎಂದು ಅವನು ಬಚ್ಚಲುಮನೆಯ ಕನ್ನಡಿಗೆ ಕೈಮುಗಿದನು, "ನಿನ್ನನ್ನು ಉಳಿಸಿಕೊಳ್ಳಲು ನಿನ್ನಲ್ಲೇ ಒಂದೆಳೆ ಬೇಡುತ್ತಿದ್ದೇನೆ. ಕ್ಷಮಿಸು!" ಕತ್ತರಿ ಕಚಕ್ಕೆಂದಿತು. ಆ ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಮೇಜಿಗೆ ತಂದರೆ ಫ್ಯಾನಿನ ಗಾಳಿಗೆ ಅದು ದಿಗಂತವನ್ನು ಸೇರಿತು. ಇನ್ನೊಂದು ಕತ್ತರಿಸಿದನು, ಅದು ಸವಾರನ ತುಟಿಯ ಬದಲು ಅವನ ಹೆಬ್ಬೆರಳಿಗೇ ಅಂಟಿ ಕುಳಿತಿತು. ಮತ್ತೊಂದು ಬಿಳಿಯದಾಗಿ ಹೊರಟಿತು. ಕರಿಯದನ್ನು ಹುಡುಕುತ್ತ ಹುಡುಕುತ್ತ ಎಡಪಾರ್ಶ್ವದಲ್ಲಿ ಒಂದು ಬಯಲೇ ತೆರೆದುಕೊಂಡಿತು. ಕಟ್ಟಕಡೆಗೆ, ಎರಡು ಕರಿಯ ಎಳೆಗಳು, ಎಳ್ಳುಕಾಳಿನಷ್ಟೂ ಉದ್ದವಿಲ್ಲದವು, ಕಹಳೆಗಾರನ ತುಟಿಯ ಮೇಲೆ ಅಕ್ಕಪಕ್ಕ ಕೂತು ತುದಿಯೆತ್ತಿ ನಿಂತವು. ಧರಣೇಂದ್ರಯ್ಯನ ಕಣ್ಣಲ್ಲಿ ನೀರು ಬಂತು. ಗೆದ್ದೆ ಎನ್ನುವ ಸಂತೋಷಕ್ಕೆ ಅವನು ಒಬ್ಬನೇ ಚಪ್ಪಾಳೆ ತಟ್ಟಿದನು.

ಆದರೆ ವಿಜಯೋತ್ಸವಕ್ಕೆ ಮುಖ ತೊಳೆಯಲು ಹೋಗಿ ಕನ್ನಡಿ ನೋಡಿದರೆ, ಅಯ್ಯೋ! ಎಡಕ್ಕೆ ಬಯಲು, ಬಲಕ್ಕೆ ಕಾಡು. ಬಲವನ್ನು ಸ್ವಲ್ಪ ತಗ್ಗಿಸಿದನು, ಕತ್ತರಿಸಿದ್ದು ಹೆಚ್ಚಾಯಿತು. ಎಡವನ್ನು ಅದಕ್ಕೆ ಸಮ ಮಾಡಿದನು. ಈಗ ಎಡ ಹೆಚ್ಚು ತಗ್ಗಿತು. ಕಟ್ಟುಹಲ್ಲಿನಲ್ಲಿ ಕೂದಲೆಳೆ ಏರುಪೇರನ್ನೂ ಸಹಿಸದ ಆ ಕೈ ಒಮ್ಮೆ ಸಮತಟ್ಟು ಹುಡುಕಲು ಹೊರಟರೆ ನಿಲ್ಲುವ ಕೈಯಲ್ಲ. ಅದು ನಿಂತದ್ದು ಕತ್ತರಿಸಲು ಇನ್ನೇನೂ ಉಳಿಯದಿದ್ದಾಗ.

ಹೊರಗೆ ಗೇಟು ಕಿರ್ರೆಂದಿತು. ಧರಣೇಂದ್ರಯ್ಯನು ಹೆಗಲ ಮೇಲಿನ ಟವೆಲನ್ನು ಮೂಗಿನವರೆಗೆ ಎಳೆದುಕೊಂಡು ರಣರಂಗಕ್ಕೆ ಬಂದನು.

"ನೋಡು ಇನ್ನಾಸಪ್ಪ!" ಎಂದು ಟವೆಲಿನೊಳಗಿಂದ ಗರ್ಜಿಸಿದನು. "ನನ್ನ ಕಹಳೆಗಾರ! ಮೀಸೆ ಸಮೇತ!"

ಇನ್ನಾಸಪ್ಪನು ಸವಾರನನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದನು, ದೂರ ಹಿಡಿದನು, ಕಿಟಕಿಯ ಬೆಳಕಿಗೂ ಹಿಡಿದನು. "ಕನ್ನಡಕ ತರೋದ್ ಮರ್ತುಬಿಟ್ಟೆ ಕಣಯ್ಯ. ಕುದುರೆ ಬೆಳ್ಳಗೆ ಚೆನ್ನಾಗಿದೆ. ಮೀಸೆ... ಇರ್ಬೋದು. ನೀನ್ ಹೇಳಿದ್ಮೇಲೆ ಇರತ್ತೆ ಬಿಡು." ಆಮೇಲೆ ಕೇಳಿದನು, "ಅದ್ಸರಿ, ಹಲ್ನೋವಾ? ಟವಲ್ ಯಾಕೆ?"

ಉಪ್ಪಿಟ್ಟಿನ ಪಾತ್ರೆ ಹಿಡಿದು ಬಂದ ಜ್ವಾಲಾಮಾಲಿನಿ, "ಬಚ್ಚಲಿನ ಟವಲ್ ಊಟದ್ ಹತ್ರ ಬೇಡ ಅಂತ ಎಷ್ಟ್ ಸಲ ಹೇಳ್ಬೇಕು," ಎಂದು ಅದನ್ನು ಸೆಳೆದುಕೊಂಡಳು.

ನುಣ್ಣನೆಯ ಮೇಲ್ದುಟಿಯು ಮೂರೂ ಲೋಕಕ್ಕೆ ದರ್ಶನವಿತ್ತಿತು. ಜ್ವಾಲಾಮಾಲಿನಿ ಪಾತ್ರೆಯನ್ನು ಕೆಳಗಿಟ್ಟು ಗಂಡನ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದಳು. ಇನ್ನಾಸಪ್ಪನಂತೂ ಎದ್ದು ಬಂದು ಗೆಳೆಯನ ಹೆಗಲು ಹಿಡಿದುಕೊಂಡನು.

"ಅಯ್ಯೋ ಮಾರಾಯ! ಇಷ್ಟೊಂದ್ ಸತ್ಯವಂತನೇನಯ್ಯ ನೀನು? ಮೀಸೆ ಕೂರಿಸೋಕಾಗ್ಲಿಲ್ಲ ಅಂತ ನಾನ್ ಬರೋಕ್ ಮುಂಚೆನೇ ಬೋಳಿಸ್ಕೊಂಡ್ಬಿಟ್ಯಲ್ಲ! ನಾನು ತಮಾಷೆಗೆ ಅಂದಿದ್ದು ಕಣೋ!"

"ಇದೆ ಕಣೋ ಮೀಸೆ! ನಾನ್ ಗೆದ್ದಿದೀನಿ!" ಎಂದು ಧರಣೇಂದ್ರಯ್ಯನು ಕೂಗಿಕೊಂಡನು. ನಾಟಕದ ಕನ್ನಡ ಎಲ್ಲೋ ಓಡಿಹೋಗಿತ್ತು. "ಭೂತಗನ್ನಡಿ ತಗೊಂಡ್ ನೋಡೋ!"

"ಆಯ್ತು, ಗೆದ್ದೆ ಬಿಡಪ್ಪ," ಎಂದು ಇನ್ನಾಸಪ್ಪನು ನೊಂದ ಮಗುವನ್ನು ಸಮಾಧಾನ ಮಾಡುವವನಂತೆ ಬೆನ್ನು ಸವರಿದನು. "ಬೆಳೆಯತ್ತೆ. ಬೇಜಾರ್ ಮಾಡ್ಕೋಬೇಡ."

ಭೂತಗನ್ನಡಿಯನ್ನು ತೆಗೆದುಕೊಂಡವಳು ಜ್ವಾಲಾಮಾಲಿನಿ. ಸೆರಗಿನಲ್ಲಿ ಗಾಜು ಒರೆಸಿ, ಕಹಳೆಗಾರನ ಮುಖದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. ಇಡೀ ಜಗತ್ತಿನಲ್ಲಿ ಸತ್ಯವನ್ನು ಕಂಡವಳು ಆಕೆಯೊಬ್ಬಳೇ.

"ಇದೆ," ಎಂದಳು. "ಇವನಿಗೆ ಒಪ್ಪತ್ತೆ ಕೂಡ. ನಿಮಗಿಂತ ಚೆನ್ನಾಗಿ." ಎಂದು ನಗು ತಡೆಯಲಾರದೆ ಸೆರಗನ್ನು ಬಾಯಿಗೊತ್ತಿಕೊಂಡಳು. "ಈಗ ಆ ಕುದುರೆಗಳನ್ನ ಎತ್ತಿ. ಉಪ್ಪಿಟ್ಟು ಆರ್ತಾ ಇದೆ."

ಯುರೋಪುಖಂಡವು ಕಿಟಕಿಕಟ್ಟೆಗೆ ವರ್ಗವಾಯಿತು. ಹನ್ನೆರಡು ಮಂದಿ ಹುಸಾರರು ಅಲ್ಲಿ ಮೀಸೆ ತಿರುವಿ ನಿಂತರು. ಅವರನ್ನು ಕಂಡು ವಿಜಯಿಯಾದ ಧರಣೇಂದ್ರಯ್ಯನ ಬಲಗೈಯೂ ರೂಢಿಯಂತೆ ಗಂಭೀರವಾಗಿ ಮೇಲೇರಿತು, ಕೆನ್ನೆಯ ಬಳಿ ತುದಿಯನ್ನು ಹುಡುಕಿತು, ಏನೂ ಸಿಗದೆ ಹಾಗೇ ಇಳಿದು ಬಂದು ಉಪ್ಪಿಟ್ಟಿಗೆ ಚಮಚ ಹಾಕಿತು.