ಒಂದರಿಂದ ಒಂದೂವರೆವರೆಗೆ ಮಾತ್ರ ಎಚ್ಚರವಿರುವ ಸಾಮ್ರಾಜ್ಯ

ನಮ್ಮ ಕ್ರೇನ್ ಚಾಲಕನಿಗೆ ನಾನು ಇನ್ನೂ ಹದಿನೆಂಟು ಸಾವಿರ ಟನ್ ಕಬ್ಬಿಣ ಕೊಡಬೇಕು. ಗಾಬರಿಯಾಗಬೇಡಿ, ನಾನು ಗುಜರಿ ಅಂಗಡಿ ಇಟ್ಟವನಲ್ಲ. ಇದು ಆಕಾಶದ ಕಬ್ಬಿಣ!

ಕಂಪ್ಯೂಟರಿನಲ್ಲಿ ಒಂದು ಬಾಹ್ಯಾಕಾಶದ ಆಟ ಇದೆ. ಸೇರಿದವರಿಗೆಲ್ಲ ಒಂದೊಂದು ಗ್ರಹ. ಗಣಿ ತೋಡಬೇಕು, ಹಡಗು ಕಟ್ಟಬೇಕು, ಪಕ್ಕದವನು ಬಂದು ದೋಚಿಕೊಂಡು ಹೋಗದಂತೆ ಕಾಯಬೇಕು. ಹಡಗುಗಳು ಓಡುವುದು ನಮ್ಮ ನಿಮ್ಮ ಗಡಿಯಾರದ ಪ್ರಕಾರವೇ. ನಿನ್ನೆ ಹೊರಟದ್ದು ಇವತ್ತು ಮುಟ್ಟುತ್ತದೆ. ನಮ್ಮದು ಎಂಟು ಜನರ ಕೂಟ. ಎಲ್ಲರೂ ಹಳೆಯ ಮುಷ್ಕರ ಸಮಿತಿಯವರು. ಒಟ್ಟಿಗೆ ಲಾಠಿ ತಿಂದವರು, ಒಂದೇ ವ್ಯಾನಿನಲ್ಲಿ ಠಾಣೆ ಕಂಡವರು. ಮೊಣಕಾಲು ಕೈಕೊಟ್ಟಿತು, ರಸ್ತೆ ಬಿಟ್ಟೆವು, ಆಕಾಶ ಹಿಡಿದೆವು.

ಬೇರೆ ಕೂಟಗಳಿಗೆಲ್ಲ ಒಬ್ಬ ಸೇನಾಪತಿ ಇರುತ್ತಾನೆ. ಅವನು ಬೊಗಳಿದಂತೆ ಉಳಿದವರು ಕುಣಿಯುತ್ತಾರೆ. ಥೂ! ನಾನು ಮೊದಲ ದಿನವೇ ಘೋಷಿಸಿದೆ: "ಮೂವತ್ತು ವರ್ಷ ದೊರೆಗಳನ್ನು ಕೆಳಗಿಳಿಸಿದವರು ನಾವು. ನಮ್ಮಲ್ಲಿ ಸೇನಾಪತಿ ಇರೋದಿಲ್ಲ, ಸಭೆ ಇರುತ್ತೆ! ಒಂದು ಹಡಗು ಅಲುಗಾಡಬೇಕಾದರೂ ಮತ ಬೀಳಬೇಕು. ಇಡೀ ಬ್ರಹ್ಮಾಂಡಕ್ಕೆ ಪ್ರಜಾಪ್ರಭುತ್ವ ಕಲಿಸಿಕೊಟ್ಟೇ ನಾನು ಕಣ್ಣು ಮುಚ್ಚೋದು!"

ಅಧ್ಯಕ್ಷ, ಕಾರ್ಯದರ್ಶಿ ಎರಡೂ ನಾನೇ ಆದೆ. ಅದೂ ಪ್ರಜಾಪ್ರಭುತ್ವದ ರೀತಿಯಲ್ಲೇ. ಟಿಪ್ಪಣಿ ಬರೆಯಲು ಇನ್ನೊಂದು ನರಪಿಳ್ಳೆಯೂ ಒಪ್ಪಲಿಲ್ಲ.

ಕಬ್ಬಿಣದ ಸಾಲ ಮಾಡಿದ್ದು ಕುತೂಹಲಕ್ಕೆ. ನಮ್ಮ ಗಡಿಯ ಆಚೆ ಒಂದು ದೊಡ್ಡ ಸಾಮ್ರಾಜ್ಯ ಇತ್ತು. ಯಾರ ಮೇಲೂ ಯುದ್ಧವಿಲ್ಲ, ಯಾರೊಂದಿಗೂ ಜಗಳವಿಲ್ಲ. ನಾನು ಅದಕ್ಕೆ 'ಮೌನಿ' ಎಂದು ಹೆಸರಿಟ್ಟೆ. ಇಷ್ಟು ದೊಡ್ಡದಾಗಿ ಬೆಳೆದೂ ತೆಪ್ಪಗಿರುವ ದೊರೆ ಎಲ್ಲಾದರೂ ಉಂಟೇ? ನಾನಂತೂ ಕಂಡಿಲ್ಲ. ಗೂಢಚಾರಿ ಹಡಗು ಕಟ್ಟಿ ಕಳಿಸಿದೆ. ಒಂದಲ್ಲ, ನಲವತ್ತು! ನನ್ನ ಗಣಿ ಬರಿದಾದಾಗ, ನಮ್ಮ ಕೂಟದ ಅಂಚಿನ ಗ್ರಹದಲ್ಲಿದ್ದ ಕ್ರೇನ್ ಚಾಲಕನ ಕಬ್ಬಿಣ ತಂದೆ. ಅವನೋ, ಎರಡು ವರ್ಷದ ಹಿಂದೆ ಬಂದರಿನಲ್ಲಿ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡವನು. ಕುರ್ಚಿಯಿಂದ ಮಂಚ, ಮಂಚದಿಂದ ಕುರ್ಚಿ, ಅಷ್ಟೇ ಅವನ ಪ್ರಯಾಣ. ಫಿರಂಗಿ ಕಟ್ಟಲು ಕೂಡಿಟ್ಟಿದ್ದ ಕಬ್ಬಿಣವನ್ನು ಮರುಮಾತಿಲ್ಲದೆ ಕೊಟ್ಟ. ಒಂದೇ ಒಂದು ಮಾತು ಹೇಳಿದ: "ಹುಷಾರು ಕಣೋ. ಹುಟ್ಟಿದಾಗಿಂದ ಬಾಡಿಗೆ ಮನೇಲೇ ಇದ್ದೀನಿ. ಖಾಲಿ ಮಾಡು ಅನ್ನೋ ಮಾಲೀಕ ಇಲ್ಲದ ಜಾಗ ಅಂತ ನನಗಿರೋದು ಈ ಗ್ರಹ ಒಂದೇ."

ಗೂಢಚಾರಿಗಳು ತಂದ ಸುದ್ದಿ ಕೇಳಿ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಮೌನಿಯ ಸಾಮ್ರಾಜ್ಯ ಎಚ್ಚರವಾಗುವುದು ದಿನಕ್ಕೆ ಅರ್ಧ ಗಂಟೆ ಮಾತ್ರ! ಮಧ್ಯಾಹ್ನ ಸರಿಯಾಗಿ ಒಂದಕ್ಕೆ ಸಾವಿರ ಗಣಿಗಳಲ್ಲಿ ಒಮ್ಮೆಲೇ ಗಡಿಬಿಡಿ. ಒಂದೂವರೆಗೆ ಸ್ಮಶಾನಮೌನ. ಭಾನುವಾರ ಪೂರ್ತಿ ನಿದ್ರೆ. ನಾನು ಈ ಏರಿಳಿತದ ನಕ್ಷೆ ಬರೆದು ಗೋಡೆಗೆ ಅಂಟಿಸಿದೆ. ಸೈನಿಕ ಶಿಸ್ತೇ? ರಹಸ್ಯ ಪಂಥವೇ? ಯಂತ್ರವೇ ಆಡುತ್ತಿದೆಯೇ? ಮೂರು ವಾರ ಸಭೆಯಲ್ಲಿ ಇದೇ ಚರ್ಚೆ. ಉಳಿದ ವಿಷಯಗಳೆಲ್ಲ 'ಮುಂದಿನ ಸಭೆಗೆ'.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ನಕ್ಷೆ ನೋಡಿ ಕೇಳಿದಳು, "ಇದೇನ್ರೀ, ಯಾರ ಜ್ವರದ ಚಾರ್ಟು?"

"ಶತ್ರುವಿನದು!"

"ಅಷ್ಟು ಕುತೂಹಲ ಇದ್ರೆ ಅವರನ್ನೇ ಕೇಳಬಾರದಾ?"

"ಶತ್ರುವನ್ನ ಯಾರಾದರೂ ಕೇಳ್ತಾರೇನೇ? ಅಧ್ಯಯನ ಮಾಡ್ತಾರೆ!"

"ಹಾಗಿದ್ರೆ ನಮ್ಮ ಮಹಡಿ ಮೇಲಿನ ನೀರಿನ ಟ್ಯಾಂಕನ್ನೂ ಸ್ವಲ್ಪ ಅಧ್ಯಯನ ಮಾಡಿ. ತಳದಲ್ಲಿ ಪಾಚಿ ಗೇಣುದ್ದ ಬೆಳೆದಿದೆ. ಭಾನುವಾರ ಬೆಳಿಗ್ಗೆ ನೀವು ಒಳಗಿಳೀತೀರಿ. ಹತ್ತೂವರೆಗೆ ನಾನು ಪಂಪ್ ಹಾಕ್ತೀನಿ. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ."

ಭಾನುವಾರ ಒಂಬತ್ತಕ್ಕೆ ಬಕೆಟ್ಟು, ಬ್ರಷ್ಷು ಹಿಡಿದು ಖಾಲಿ ಟ್ಯಾಂಕಿಗೆ ಇಳಿದೆ. ಒಂದು ಮೂಲೆ ಉಜ್ಜುವಷ್ಟರಲ್ಲಿ ಜೇಬಿನ ಮೊಬೈಲ್ ಬಡಿದುಕೊಂಡಿತು. ಕ್ರೇನ್ ಚಾಲಕ.

"ಲೋ, ಮೌನಿ ಹೊರಟಿದ್ದಾನೆ! ಇನ್ನೂರು ಹಡಗು. ನೇರ ನನ್ನ ಗ್ರಹಕ್ಕೇ. ಹನ್ನೊಂದಕ್ಕೆ ಮುಟ್ಟುತ್ವೆ."

ಬ್ರಷ್ಷು ಕೆಳಗೆ ಹಾಕಿದೆ. ಅವನ ಬಳಿ ಒಂದು ಫಿರಂಗಿಯೂ ಇಲ್ಲ. ಫಿರಂಗಿಯಾಗಬೇಕಿದ್ದದ್ದೆಲ್ಲ ನನ್ನ ಗೂಢಚಾರಿಗಳಾಗಿ ಅಂಡಲೆಯುತ್ತಿತ್ತು.

"ಎಂಥಾ ಹಡಗುಗಳು?"

"ದುರ್ಬೀನಿಗೆ ಲೆಕ್ಕ ಮಾತ್ರ ಕಾಣ್ಸುತ್ತೆ. ತುಂಬಾ ನಿಧಾನ ಬರ್ತಿವೆ."

"ನಿಧಾನ ಅಂದ್ರೆ ಭಾರ. ಭಾರ ಅಂದ್ರೆ ದೊಡ್ಡ ಫಿರಂಗಿ!" ಎಂದು ನಾನು ತೀರ್ಪು ಕೊಟ್ಟೆ. "ತುರ್ತು ಸಭೆ ಕರೀತೀನಿ!"

"ಸಭೆ ಯಾಕೋ? ಹಡಗು ಕಳಿಸೋ! ನಮ್ಮ ಪಡೆ ಹತ್ತೂ ನಲವತ್ತರೊಳಗೆ ಹೊರಟ್ರೆ ಮಾತ್ರ ದಾರೀಲಿ ಅಡ್ಡ ಹಾಕೋಕಾಗುತ್ತೆ."

"ನಿಯಮ ನಿಯಮವೇ," ಎಂದೆ.

ಎಂಟೂ ಜನ ಫೋನಿನಲ್ಲಿ ಸೇರಿದರು. ಕೆಳಗೆ ಊಟದ ಮೇಜಿನ ಮೇಲಿದ್ದ ನನ್ನ ಕಂಪ್ಯೂಟರಿನಲ್ಲೂ ಅದೇ ಸಭೆಯ ಗದ್ದಲ ಕೇಳುತ್ತಿತ್ತಂತೆ. ಅದು ನನಗೆ ಆಮೇಲೆ ತಿಳಿದದ್ದು. ಅಡ್ಡಗಟ್ಟಿ ಹೊಡೆದುರುಳಿಸಬೇಕು ಎಂಬ ನಿರ್ಣಯ ಮಂಡಿಸಿದೆ. ನಮ್ಮಲ್ಲೊಬ್ಬ ನಿವೃತ್ತ ಮೇಷ್ಟ್ರು ಇದ್ದಾನೆ. ತಿದ್ದುಪಡಿ ತರದೆ ಅವನಿಗೆ ಉಂಡದ್ದು ಅರಗುವುದಿಲ್ಲ.

"ಅಧ್ಯಕ್ಷರೇ, 'ಹೊಡೆದುರುಳಿಸಬೇಕು' ತುಂಬಾ ಕಟು. 'ತಡೆದು ಖಂಡಿಸಬೇಕು' ಅಂತ ಮಾಡೋಣ."

"ಖಂಡಿಸಿದ್ರೆ ಫಿರಂಗಿ ನಿಲ್ಲುತ್ತೇನಯ್ಯಾ?" ಕ್ರೇನ್ ಚಾಲಕ ಅರಚಿದ.

"ಅದಕ್ಕೊಂದು ಉಪಸಮಿತಿ..."

"ನಿನ್ನ ಉಪಸಮಿತಿಗಿಷ್ಟು ಬೆಂಕಿ ಹಾಕ!"

ಒಬ್ಬೊಬ್ಬರಿಗೆ ಮೂರು ನಿಮಿಷ ಮಾತು. ಎಂಟು ಜನ, ಎರಡು ತಿದ್ದುಪಡಿ. ಮತ ಬಿದ್ದಾಗ ಹತ್ತೂ ಇಪ್ಪತ್ತು. ಪರ ನಾಲ್ಕು, ವಿರೋಧ ನಾಲ್ಕು! ಇನ್ನು ಅಧ್ಯಕ್ಷರ ನಿರ್ಣಾಯಕ ಮತ. ಬ್ರಹ್ಮಾಂಡದ ಭವಿಷ್ಯ ಪಾಚಿಗಟ್ಟಿದ ಚಡ್ಡಿಯ ನನ್ನ ಕೈಯಲ್ಲಿ!

'ಪರ' ಎಂಬ ಎರಡಕ್ಷರ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಟ್ಯಾಂಕು ಇದೆಯಲ್ಲ, ಅದರೊಳಗೆ ಧ್ವನಿ ಏನು ಮೊಳಗುತ್ತದೆ ಅಂತೀರಿ! ಒಂದು ಸಲ ಕೆಮ್ಮಿದರೂ ಮೈದಾನದಲ್ಲಿ ಹತ್ತು ಸಾವಿರ ಜನರ ಮುಂದೆ ಕೆಮ್ಮಿದ ಹಾಗೆ. ಎಷ್ಟು ವರ್ಷವಾಗಿತ್ತು ಮೈಕು ಹಿಡಿದು!

"ಸಂಗಾತಿಗಳೇ, ಮತ ಹಾಕುವ ಮುನ್ನ ಎರಡೇ ಎರಡು ಮಾತು..."

"ಬೇಡ!" ಏಳು ಗಂಟಲು ಒಟ್ಟಿಗೆ ಕೂಗಿದವು. ನಮ್ಮ ಕೂಟದ ಇತಿಹಾಸದಲ್ಲಿ ಅಂಥ ಒಗ್ಗಟ್ಟು ಅದೇ ಮೊದಲು.

ನಾನು ಶುರು ಮಾಡಿದೆ. ಹಳೆಯ ಗೇಟ್ ಮುತ್ತಿಗೆಯಿಂದ ಹಿಡಿದು ಹೊಸ ನಕ್ಷತ್ರಗಳವರೆಗೆ ಬಂದೆ. "ಎಂಥ ಪ್ರವಾಹವೇ ಬರಲಿ, ನಿಂತ ಜಾಗದಿಂದ ನಾನು ಒಂದಂಗುಲ ಕದಲುವುದಿಲ್ಲ!" ಎಂದು ಕೈ ಮೇಲೆತ್ತುವುದಕ್ಕೂ ತಲೆಯ ಮೇಲಿನ ಕೊಳವೆಯಿಂದ ನೀರು ಭೋರೆಂದು ಸುರಿಯುವುದಕ್ಕೂ ಸರಿಹೋಯಿತು. ಹತ್ತೂವರೆ! ಕದಲಿದೆ, ಜಾರಿದೆ, ಪಾಚಿಯ ಮೇಲೆ ಅಂಡೂರಿ ಟ್ಯಾಂಕಿನ ಈ ತುದಿಯಿಂದ ಆ ತುದಿಗೆ ಹೋದೆ. ಮೊಬೈಲು ಬಕೆಟ್ಟಿಗೆ ಬಿದ್ದು 'ಗುಳುಕ್' ಎಂದಿತು. ಮತ ನನ್ನ ಬಾಯಲ್ಲೇ ಉಳಿಯಿತು.

ನಾಲ್ಕು ಸಲ ಜಾರಿ ಬಿದ್ದು, ಕೊನೆಗೂ ಏಣಿ ಹಿಡಿದು, ಮೆಟ್ಟಿಲ ತುಂಬ ನೀರು ಚೆಲ್ಲುತ್ತ ಕೆಳಗೆ ಓಡಿ ಬಂದೆ. ಹತ್ತೂ ನಲವತ್ತೈದು. ತಡವಾಗಿಹೋಗಿತ್ತು. ಕಂಪ್ಯೂಟರಿನಿಂದ ಕ್ರೇನ್ ಚಾಲಕನ ಧ್ವನಿ ಬರುತ್ತಿತ್ತು, ಬೈಗುಳವಿಲ್ಲದೆ, ತಣ್ಣಗೆ. ಅದೇ ನನಗೆ ಹೆಚ್ಚು ಚುಚ್ಚಿತು.

"ಬಿಡಿ ಅತ್ತಿಗೆ. ಹೋಯ್ತು. ಇಲ್ಲಿಂದಲೂ ಖಾಲಿ ಮಾಡಿಸಿದ್ರು, ಅಷ್ಟೇ."

ಹೆಂಡತಿ ಕನ್ನಡಕ ಏರಿಸಿಕೊಂಡು ನನ್ನ ಪರದೆಯ ಮುಂದೆ ಕೂತಿದ್ದಳು. "ಒಂದ್ನಿಮಿಷ ತಾಳಪ್ಪ. ರೀ, ಇಲ್ಲಿ ಮೂಲೇಲಿ ಕೆಂಪಗೆ ಮಿನುಗ್ತಿದೆಯಲ್ಲ, 'ಮೂರು ಪತ್ರ', ಇದೇನು?"

"ಅದಾ? ಕಾರ್ಯದರ್ಶಿಗೆ ಬಂದ ಪತ್ರಗಳು. ಸಭೆಯ ಮುಂದಿಟ್ಟೇ ಒಡೀಬೇಕು. ವಿಷಯಪಟ್ಟಿಯಲ್ಲಿ ಜಾಗ ಇರಲಿಲ್ಲ. ಮುಂದಿನ ಸಭೆಗೆ..."

ಅವಳು ಆಗಲೇ ಒಡೆದು ಗಟ್ಟಿಯಾಗಿ ಓದತೊಡಗಿದ್ದಳು.

"'ನೆರೆಯವರಿಗೆ ನಮಸ್ಕಾರ. ನಾವು ಬಿಸ್ಕತ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಏಳು ಜನ ಹೆಂಗಸರು. ಊಟದ ಬಿಡುವಿನಲ್ಲಿ ಒಂದೇ ಖಾತೆಯಲ್ಲಿ ಸೇರಿ ಆಡ್ತೀವಿ. ನಿಮ್ಮ ಕಡೆಯಿಂದ ಸಣ್ಣ ಸಣ್ಣ ಹಡಗು ತುಂಬಾ ಬರ್ತಿವೆ. ಏನಾದರೂ ಬೇಕಿತ್ತಾ?' ಇದು ಮೊದಲನೇದು. ಎರಡನೇದು, 'ನಮ್ಮ ಉಗ್ರಾಣ ತುಂಬಿದೆ. ನಿಮ್ಮ ಅಂಚಿನ ಗ್ರಹದಲ್ಲಿ ಕಬ್ಬಿಣ ಬರಿದಾದ ಹಾಗೆ ಕಾಣುತ್ತೆ. ಕಳಿಸೋಣವಾ?' ಮೂರನೇದು, 'ನೀವು ಬೇಡ ಅನ್ನಲಿಲ್ಲ. ಸಂಕೋಚದವರು ಅಂತ ತಿಳಕೊಂಡು ಶನಿವಾರ ಇನ್ನೂರು ಸರಕು ಹಡಗು ಹೊರಡಿಸ್ತೀವಿ. ಭಾರ ಇರೋದರಿಂದ ನಿಧಾನ ಬರುತ್ತವೆ.'"

 ನನ್ನ ಚಡ್ಡಿಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಹನ್ನೊಂದಾಯಿತು. ಹಡಗುಗಳು ಬಂದವು, ಸರಕು ಇಳಿಸಿದವು, ಹಿಂದಿರುಗಿ ಹೊರಟವು. ಕ್ರೇನ್ ಚಾಲಕ ಮೊದಲು ಒಂದು ಕೊಳಕು ಬೈಗುಳ ಬೈದ. ಆಮೇಲೆ ನಗತೊಡಗಿದ. ಸೊಂಟ ಹಿಡಿದುಕೊಂಡು "ಅಯ್ಯಯ್ಯೋ ನೋವು, ನಗಿಸಬೇಡ್ರೋ" ಎನ್ನುತ್ತ ನಕ್ಕ.

ಹೆಂಡತಿ ಗೋಡೆಯ ನಕ್ಷೆಯತ್ತ ತಿರುಗಿದಳು. "ಒಂದರಿಂದ ಒಂದೂವರೆ. ಭಾನುವಾರ ರಜ. ಮೂವತ್ತು ವರ್ಷ ಕಾರ್ಖಾನೆ ಗೇಟಲ್ಲಿ ಕರಪತ್ರ ಹಂಚಿದ್ರಲ್ಲ, ಯಾವ ಹೊತ್ತಿಗೆ ಹಂಚ್ತಿದ್ರಿ?"

"ಊಟದ... ಬಿಡುವಿನಲ್ಲಿ," ಎಂದೆ.

"ಟವೆಲ್ಲು ಬಾಗಿಲ ಹಿಂದೆ ಇದೆ," ಎಂದಳು.

ಅಲ್ಲೇ ಸಭೆ ಮುಂದುವರಿಯಿತು. ಭಾಷಣವಿಲ್ಲ, ಉಪಸಮಿತಿಯಿಲ್ಲ. ಮೇಷ್ಟ್ರು ಕೂಡ ತಿದ್ದುಪಡಿ ತರಲಿಲ್ಲ! ಎರಡು ನಿಮಿಷದಲ್ಲಿ ನನ್ನ ಎರಡೂ ಪದವಿ ಹೋಗಿ ಹೆಂಡತಿ ಕಾರ್ಯದರ್ಶಿಯಾದಳು. ಈಗ ದಿನಾ ಒಂದು ಗಂಟೆಗೆ ಆಸ್ಪತ್ರೆಯ ವಿಶ್ರಾಂತಿ ಕೋಣೆಯಿಂದ ಆ ಏಳು ಹೆಂಗಸರ ಜೊತೆ ಮಾತಾಡುತ್ತಾಳೆ. ಅವರ ವಿಭಾಗದಲ್ಲಿ ಕೂರಲು ಬೆಂಚಿಲ್ಲವಂತೆ, ಅರ್ಜಿ ಹೇಗೆ ಬರೆಯಬೇಕು ಅಂತ ಕೇಳಿದರಂತೆ. ನನಗೆ ಗೊತ್ತಿರುವ ಒಂದೇ ಕೆಲಸ ಅದು! ಆದರೆ ಮಾಜಿಗಳು ಪತ್ರ ಮುಟ್ಟುವಂತಿಲ್ಲ ಎಂದು ನಿರ್ಣಯವಾಗಿದೆ. ನನಗೆ ಸಿಕ್ಕಿರುವ ಖಾತೆ ನೀರು ಸರಬರಾಜು. ಅದೂ ಮನೆಯದು.

ನಿರ್ಣಯ ಹಿಂತೆಗೆಯಿರಿ ಎಂದು ನಾಲ್ಕು ಸಲ ಮನವಿ ಮಂಡಿಸಿದೆ. ಅನುಮೋದಿಸುವವರು ಒಬ್ಬರಾದರೂ ಇದ್ದರೆ ಮಾತ್ರ ಚರ್ಚೆಗೆ ಬರುತ್ತದೆ. ಕ್ರೇನ್ ಚಾಲಕ ಕೂಡ ಅನುಮೋದಿಸದೆ ಕೆಮ್ಮಿ ಫೋನಿಟ್ಟ. ಕೂಟದಲ್ಲಿ ಹತ್ತನೆಯ ಜಾಗ ಖಾಲಿ ಇದೆ, ಗ್ರಹವೂ ಖಾಲಿ ಇದೆ. ನೀವು ಇಷ್ಟು ಹೊತ್ತು ಪುಕ್ಕಟೆ ನಕ್ಕಿರಿ. ಇನ್ನು ಬಂದು ಸೇರಿ, ನನ್ನ ಮನವಿಗೆ ಕೈ ಎತ್ತಿ. ಯೋಚಿಸಿ ಹೇಳುತ್ತೇನೆ, ಮುಂದಿನ ಸಭೆಗೆ ನೋಡೋಣ ಎಂದೆಲ್ಲ ಹೇಳಬೇಡಿ. ಎತ್ತಿ. ಈಗಲೇ!