ಫೋನ್ ಯಾಕ ಎತ್ತೂದಿಲ್ಲ?

ಇಪ್ಪತ್ತು ವರ್ಷ ಓದಿದ ಮೇಲೆ ಮನುಷ್ಯರಿಗೆ ಕೇಳಲು ಉಳಿಯುವ ಪ್ರಶ್ನೆ ಯಾವುದು, ಗೊತ್ತೇ? "ದೊಡ್ಡಾಯಿ, ನೀ ಫೋನ್ ಯಾಕ ಎತ್ತೂದಿಲ್ಲ?" ಇದಕ್ಕೆ ಮುಂದೆ ಡಾಕ್ಟರ್ ಪದವಿ ಕೊಡುತ್ತಾರಂತೆ! ಜ್ವರಕ್ಕೆ ಗುಳಿಗೆ ಕೊಡಲು ಬಾರದ ಡಾಕ್ಟರು.

ಅವಳು ನನ್ನ ತಂಗಿಯ ಮೊಮ್ಮಗಳು. ಹೆಸರು ಹೇಳುವುದಿಲ್ಲ. ತನ್ನ ವಹಿಯಲ್ಲಿ ಅವಳು ನನ್ನ ಹೆಸರು ಬರೆಯಲಿಲ್ಲ, ನಾನೇಕೆ ಅವಳದನ್ನು ಬರೆಯಲಿ? ಫೋನಿನಿಂದ ಮನುಷ್ಯರು ಏನಾದರು ಎಂಬುದು ಅವಳ ಓದು. ಬೆಳಗಾವಿಯಲ್ಲಿ ಓದುತ್ತಾಳೆ, ದೇಸೂರಿನಲ್ಲಿ ತನ್ನ ಆಯಿಯ ಹತ್ತಿರ, ಅಂದರೆ ನನ್ನ ತಂಗಿಯ ಮನೆಯಲ್ಲಿ ಇರುತ್ತಾಳೆ, ಖಾನಾಪುರಕ್ಕೆ ಬಂದು ನನ್ನ ತಲೆ ತಿನ್ನುತ್ತಾಳೆ.

ಮೊದಲ ದಿನ ಬಂದವಳು ನೀರು ಸಹ ಕುಡಿಯದೆ ಎರಡು ಹಾಳೆ ಒಪ್ಪಿಗೆ ಪತ್ರ ಓದಿದಳು. "ಮನಸ್ಸು ಬದಲಾದ್ರ ಯಾವಾಗ ಬೇಕಾದ್ರೂ ನಿನ್ನ ಮಾತು ವಾಪಸ್ ತಗೋಬಹುದು ದೊಡ್ಡಾಯಿ. ನಾ ಯಾಕಂತ ಕೇಳೂದಿಲ್ಲ."

"ಈ ಕಾಗದಾ ನನ್ನ ಮದುವಿ ದಿನಾ ಯಾಕ ತರಲಿಲ್ಲ?"

ಅವಳು ಅದನ್ನೂ ಬರೆದುಕೊಂಡಳು! ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ನನ್ನ ಸಹಿ ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

"ಇನ್ಮ್ಯಾಲೆ ನೀ ನಾಲ್ಕನೇ ನಂಬರ್" ಎಂದಳು.

"ಮೊದಲಿನ ಮೂರ ಮಂದಿ ಯಾರು?"

"ಹೇಳಾಕ ಬರೂದಿಲ್ಲ. ಗುಟ್ಟು."

ಸಂಜೆಯೊಳಗೆ ಮೂವರೂ ನಮ್ಮ ಕಟ್ಟೆಗೆ ಬಂದು, ತಾವು ಎಷ್ಟನೇ ನಂಬರ್ ಎಂದು ಎದೆ ಉಬ್ಬಿಸಿ ಹೇಳಿ ಹೋದರು.

ಮರುದಿನ ಹಿಟ್ಟಿನ ಗಿರಣಿಯಲ್ಲಿ ಹೋಗಿ ಕೂತಳು. ಹೆಂಗಸರು ಫೋನನ್ನು ಎಲ್ಲಿ ಇಡುತ್ತಾರೆ, ಯಾವಾಗ ತೆಗೆಯುತ್ತಾರೆ ಎಂದು ನೋಡಬೇಕಂತೆ. ಮಧ್ಯಾಹ್ನ ಗಿರಣಿಯವನೇ ನಮ್ಮ ಮನೆಗೆ ಬಂದ. "ಆಯಿ, ನಿಮ್ಮ ಹುಡಗಿ ಮೂರ ತಾಸ ಆತು ಕುಂತಾಳ. ಜ್ವಾಳ ಇಲ್ಲ, ಚೀಲ ಇಲ್ಲ. ಮನ್ಯಾಗ ಏನರೆ ಜಗಳ ಆಗೇತೇನು?"

ಅವನ ಹಿಂದೆಯೇ ಅವಳೂ ಬಂದಳು, ಹುಬ್ಬಿನವರೆಗೆ ಬೆಳ್ಳಗಾಗಿ, ಮುಖ ಅರಳಿಸಿಕೊಂಡು. ನನಗಿಂತ ಮುದುಕಿಯಾಗಿ ಕಾಣುತ್ತಿದ್ದಳು.

ಅವಳು ಕಂಡುಹಿಡಿದದ್ದೇನು? ನಮ್ಮ ಕಡೆ ಕೂಸಿಗೂ ಗೊತ್ತಿರುವ ಮಿಸ್ ಕಾಲ್! ಒಂದು ರಿಂಗು ಕೊಟ್ಟು ಕತ್ತರಿಸಿದರೆ "ಮುಟ್ಟೀನಿ, ಆರಾಮ ಇದ್ದೀನಿ". ಎರಡಾದರೆ "ಬಸ್ ಹತ್ತೀನಿ, ಅನ್ನಕ್ಕ ಇಡ್ರಿ". ಜಾಂಬೋಟಿಯಿಂದ ಮೂರು ಬಂತೆಂದರೆ ಅಲ್ಲಿ ಮಳೆ ಬಿಟ್ಟಿಲ್ಲ, ಇವತ್ತು ಬರುವುದಿಲ್ಲ. ಇದರಲ್ಲಿ ಓದುವುದೇನಿದೆ?

"ಆಗ ಮಾತಾಡಿದ್ರ ರೊಕ್ಕ ಹೋಗ್ತಿತ್ತು, ಖರೇ. ಈಗ ಎಷ್ಟ ಮಾತಾಡಿದ್ರೂ ಅಷ್ಟ. ಆದ್ರೂ ಯಾಕ ಎತ್ತೂದಿಲ್ಲ ನೀವು?"

"ಎತ್ತಿದ್ರ ಮಾತಾಡಬೇಕಾಗ್ತೈತಿ. ಮಾತಾಡಾಕ ಏನೈತಿ? ಇದ್ದಾರಂತ ತಿಳದ್ರ ಸಾಕು."

ಇದನ್ನೇ ನಾಲ್ಕು ಹಾಳೆ ಮಾಡಿ ಹೈದರಾಬಾದಿನ ಒಂದು ಕಂಪನಿಗೆ ಕಳಿಸಿದಳು. ಅಲ್ಲಿ ಮೂರು ತಿಂಗಳು ಕೂಡ್ರಿಸಿಕೊಂಡು ಸಂಶೋಧನೆ ಮಾಡಿಸುತ್ತಾರೆ, ಅದಕ್ಕೆ ಇಂಟರ್ನ್‌ಶಿಪ್ ಎನ್ನುತ್ತಾರೆ. ಫೋನಿನ ವ್ಯಾಪಾರ ಮಾಡುವವರೇ ಫೋನಿನಿಂದ ಮಂದಿಗೆ ಏನಾಯಿತೆಂದು ಇನ್ನೊಬ್ಬರನ್ನು ಕರೆಸಿ ಕೇಳುತ್ತಾರಂತೆ! ಎರಡು ಸಲ ಇವಳನ್ನು ಬೇಡ ಎಂದಿದ್ದರು. ಬರುವ ವರ್ಷ ಓದು ಮುಗಿಯುತ್ತದೆ, ಮುಗಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಇದೇ ಕಡೆಯ ಸಲ. ಇದನ್ನು ಹೇಳುವಾಗ ಅವಳು ನಗುತ್ತಿದ್ದಳು, ಆದರೆ ನಾನು ಬಡಿಸಿದ ರೊಟ್ಟಿ ತಾಟಿನಲ್ಲಿ ಹಾಗೇ ಇತ್ತು.

ಈ ಸಲ ಕಂಪನಿಯವರು ಸಂದರ್ಶನಕ್ಕೆ ಕರೆದರು. ಅದಕ್ಕೆ ನಾಲ್ಕು ದಿನ ಇದ್ದಾಗ ನನ್ನ ಫೋನಿನಲ್ಲಿ ಬಂದುಹೋದ ಕರೆಗಳನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ನಡುವೆ ಪೆನ್ನು ನಿಂತಿತು. ಒಂದು ನಂಬರು, ಹೆಸರಿಲ್ಲ. ದಿನಾ ಸಂಜೆ ಆರಕ್ಕೆ ನನ್ನಿಂದ ಒಂದು, ಆ ಕಡೆಯಿಂದ ಒಂದು. ಅವಳಿಗೆ ಆ ನಂಬರು ಬಾಯಿಪಾಠ. ಅವಳದೇ ಆಯಿಯದು.

"ದೊಡ್ಡಾಯಿ, ನೀವಿಬ್ರೂ ಮಾತ ಬಿಟ್ಟು ಹನ್ನೊಂದ ವರ್ಷ..."

"ಹೊಡದ ಹಾಕ ಅದನ್ನ. ವಾಪಸ್ ತಗೊಂಡೆ."

ಯಾಕೆ ಎಂದು ಕೇಳಲಿಲ್ಲ. ಗೀಟು ಎಳೆದು, ಹಾಳೆ ನನ್ನ ಕಡೆ ತಿರುಗಿಸಿ ತೋರಿಸಿದಳು.

ದೇಸೂರಿನ ಮನೆ ರೈಲು ಹಳಿಯ ಬಾಜು. ಸೀಟಿಯ ಸದ್ದಿನಲ್ಲಿ ಮಾತು ಕೇಳದು ಎಂದು ಸಂದರ್ಶನಕ್ಕೆ ನಮ್ಮಲ್ಲಿಗೇ ಬಂದು ಲ್ಯಾಪ್‌ಟಾಪ್ ತೆರೆದು ಕೂತಳು. ನನಗೆ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಸುಮ್ಮನಿರಬೇಕೆಂದು ಅಪ್ಪಣೆ. ಪರದೆಯ ಮೇಲೆ ಕಂಪನಿಯ ಮೂವರು ಬಂದು ಇಂಗ್ಲಿಷಿನಲ್ಲಿ ಕೇಳಿದರು. ಕಡೆಗೆ ಅವರಲ್ಲೊಬ್ಬ ಮೇಡಂ ಕನ್ನಡದಲ್ಲೇ ಕೇಳಿದಳು: "ಮಿಸ್ ಕಾಲ್ ಅಂದರೆ ಬರೀ ಹಣ ಉಳಿಸುವ ಹಳೆಯ ಅಭ್ಯಾಸ ಇರಬಹುದಲ್ಲ? ಅಲ್ಲ ಅನ್ನೋದಕ್ಕೆ ನಿಮ್ಮ ಹತ್ತಿರ ಒಂದಾದರೂ ಉದಾಹರಣೆ ಇದೆಯಾ?"

ಹುಡುಗಿ ನನ್ನ ಕಡೆ ನೋಡಲೇ ಇಲ್ಲ. "ಒಂದ್ ಇತ್ತು ಮೇಡಂ. ಹೇಳಿದವರು ವಾಪಸ್ ತಗೊಂಡ್ರು. ಈಗ ನನ್ನ ಕಡೆ ಇಲ್ಲ."

ಇಷ್ಟು ದಡ್ಡರಿರುತ್ತಾರೆಯೇ? ಮೂರನೇ ಸಲವೂ ಬೇಡ ಎನಿಸಿಕೊಳ್ಳಲು ಕೂತಿದ್ದಾಳೆ! ನಾನು ಉಡಿಯ ಸಿಪ್ಪೆ ಕೊಡವಿ ಎದ್ದು ಹೋಗಿ ಲ್ಯಾಪ್‌ಟಾಪಿನ ಮುಂದೆ ನಿಂತೆ.

"ನಾನ ರೀ ಅಕಿ, ನಾಲ್ಕನೇ ನಂಬರ್. ನಮ್ಮವ್ವ ತೀರಿಕೊಂಡಾಗ ಅಕಿ ಹೊಚ್ಚಿಕೊಳ್ಳೋ ಕಂಬಳಿ ನಾ ತಂದೆ. ನಮ್ಮಪ್ಪ ತನ್ನ ಕುರಿ ಉಣ್ಣೀಲೆ ನೇಯಿಸಿದ್ದು. ತಂಗಿ ತನಗ ಬೇಕಂದ್ಲು. ಅಂದಿಂದ ಮಾತಿಲ್ಲ. ದಿನಾ ಸಂಜೀಕ ಒಂದ್ ರಿಂಗ್ ನಾ ಕೊಡ್ತೀನಿ, ಒಂದ್ ಅಕಿ ಕೊಡ್ತಾಳ. ಒಬ್ಬರೂ ಎತ್ತೂದಿಲ್ಲ. ಮಾತ ಬಿಟ್ಟೀನ್ರಿ, ತಂಗೀನ ಬಿಟ್ಟಿಲ್ಲ. ಸಾಕೇನ್ರಿ ಇಷ್ಟು?"

ಆ ಕಡೆ ಮೇಡಂ ಅದನ್ನೂ ಬರೆದುಕೊಂಡಳು.

ಸಂದರ್ಶನ ಮುಗಿದದ್ದೇ ತಡ, ಇವಳು ಕಣ್ಣು ಒರೆಸಿಕೊಳ್ಳುತ್ತ ಚೀಲದಿಂದ ಏನು ತೆಗೆದಳು? ಮತ್ತೊಂದು ಒಪ್ಪಿಗೆ ಪತ್ರ! "ವಾಪಸ್ ತಗೊಂಡಿದ್ದನ್ನ ತಿರಗಿ ಕೊಟ್ಟಿ. ಹೊಸಾ ಸಹಿ ಬೇಕು." ಹಾಳಾಗಿ ಹೋಗಲಿ ಎಂದು ಮಾಡಿದೆ.

ಹದಿನೈದು ದಿನ ಆದ ಮೇಲೆ, ಬಾ ಎಂದು ಹೈದರಾಬಾದಿನಿಂದ ಪತ್ರ ಬಂತು. ಹೊರಡುವ ಹಿಂದಿನ ದಿನ ಕಾಲಿಗೆ ಬೀಳಲು ಬಂದವಳು, ಆಫೀಸಿನಲ್ಲಿ ಏಸಿ ಬಹಳ ತಂಪಂತೆ, ಸ್ವೆಟರ್ ಕೊಳ್ಳಬೇಕು ಎಂದಳು. ನಾನು ಟ್ರಂಕು ತೆರೆದು ಕಂಬಳಿಯನ್ನು ಅವಳ ಚೀಲಕ್ಕೆ ತುರುಕಿದೆ.

"ದೊಡ್ಡಾಯಿ, ಇದು ಅದ...?"

"ಬಾಯ್ ಮುಚ್ಚು. ಹೊಚ್ಚಿಕೊಂಡು ಓದು. ಮನಿಗೆ ಹೋದ ಮ್ಯಾಲೆ ನಿಮ್ಮ ಆಯಿಗೆ ತೋರಸು."

ಆ ಸಂಜೆ ಆರಕ್ಕೆ ನಾನು ಒಂದು ರಿಂಗು ಕೊಟ್ಟೆ. ಆ ಕಡೆಯಿಂದ ಬರಲಿಲ್ಲ. ಕಾಲು ತಾಸಾಯಿತು. ಸುಮ್ಮನೆ ನಿಂತಿದ್ದ ಎಮ್ಮೆಯನ್ನು ಬೈದೆ. ಆಮೇಲೆ ಫೋನು ಹೊಡೆದುಕೊಂಡಿತು. ಒಂದು. ಕತ್ತರಿಸಲಿಲ್ಲ. ಎರಡು, ಮೂರು, ನಾಲ್ಕು. ನಾಲ್ಕಕ್ಕೆ ನಮ್ಮಲ್ಲಿ ಅರ್ಥವೇ ಇಲ್ಲ! ಎತ್ತಿದೆ.

"ಏನ ಅಕ್ಕಾ," ಎಂದಳು ತಂಗಿ, ಹನ್ನೊಂದು ವರ್ಷದ ಮೇಲೆ. "ಕಂಬಳಿ ನುಸಿ ತಿಂದಾವಲ್ಲ. ಒಂದ್ ಡಾಂಬರ್ ಗುಳಿಗಿ ಹಾಕಬಾರದಿತ್ತೇನ?"

"ಹಾಕಿದ್ದೆ."

"ಹಾಕಿದ್ದೀ! ನಾಲ್ಕ ಕಡೆ ತೂತು. ನಾಳೆ ಹುಡಗಿ ಸಾಂಬ್ರಾದಾಗ ಇಮಾನ ಹತ್ತೂದು ಐತಿ. ಈಗ ಸೂಜಿ ಹಿಡಕೊಂಡ ಕುಂತೀನಿ."

"ಹಂಗಾದ್ರ ಇಡ್ತೀನಿ. ಹೊಲಿ."

"ಇಡಬ್ಯಾಡ."

"ಮಾತಾಡಾಕ ಏನೈತಿ?"

"ಏನೂ ಇಲ್ಲ. ಹೊಲಿಯೂತನಕ ಇರು."

ಇದ್ದೆ.